ಎಮ್ಮೆಗಳ ದಾರಿಯಲ್ಲೊಂದು ಮನೆ

ಕಾರ್ಕಳದ ಕೆರೆಯ ದಂಡೆಯಲ್ಲಿ ಕಟ್ಟಿದ ಹೊಸ ಮನೆಗೆ ನಾವು ಒಕ್ಕಲಾದ ಮರುದಿನ ಬೆಳಿಗ್ಗೆ, ಮುಂಬಾಗಿಲಿನಿಂದ ನಾಲ್ಕು ಎಮ್ಮೆಗಳು ಒಳಗೆ ಬಂದವು. ಮೂರೇ ಎನ್ನುತ್ತಾಳೆ ತಂಗಿ; ಎಪ್ಪತ್ತರ ದಶಕದ ಮಾತು, ನನಗೂ ಈಗ ಖಾತ್ರಿಯಿಲ್ಲ. ನಮ್ಮನ್ನೇ ತುಳಿಯಲು ಬಿಡದೆ ಅಮ್ಮ ಕಾದಿಟ್ಟಿದ್ದ ಕೆಂಪು ಸಿಮೆಂಟಿನ ನೆಲದ ಮೇಲೆ ಅವು ಸಾಲಾಗಿ ನಡೆದು, ಹಿಂಬಾಗಿಲಿನಿಂದ ಹೊರಟು ನೀರಿಗಿಳಿದವು. ನಾವು ನಕ್ಕು ನಕ್ಕು ಗೋಡೆಗೊರಗಿದೆವು.

ಹಿಂದೆಯೇ ಓಡಿ ಬಂದ ನೆರೆಮನೆಯ ಗಿರಿಜಕ್ಕನನ್ನು ಅಮ್ಮ ಪೊರಕೆ ಹಿಡಿದೇ ಕೇಳಿದರು: "ನಿಮ್ಮ ಎಮ್ಮೆಗಳಿಗೆ ಎಂತ, ಕಣ್ಣಿಲ್ವಾ?"

"ಕಣ್ಣುಂಟು. ಅವು ಯಾವಾಗಲೂ ಕೆರೆಗೆ ಹೋಗುವ ದಾರಿ ಇದು. ನಡುವೆ ಮನೆ ಕಟ್ಟಿದ್ದು ನೀವಲ್ವಾ ಮಾರಾಯ್ರೆ?"

ಅಮ್ಮನಿಗೂ ನಗು ತಡೆಯಲಾಗಲಿಲ್ಲ.

ಅಪ್ಪ ಮನೆಯ ಬದಿಯಲ್ಲೇ ಬೇರೆ ದಾರಿ ಮಾಡಿಕೊಟ್ಟರು. ಅದನ್ನು ಒಪ್ಪಲು ಎಮ್ಮೆಗಳಿಗೆ ಒಂದು ತಿಂಗಳು ಬೇಕಾಯಿತು. ಅಷ್ಟರಲ್ಲಿ ಅಮ್ಮ, ಬೆಳಿಗ್ಗೆ ಎರಡೂ ಬಾಗಿಲು ತೆರೆದಿಟ್ಟು ಕಾಯುವುದನ್ನು ರೂಢಿ ಮಾಡಿಕೊಂಡಿದ್ದರು.