ಟೀಚರಮ್ಮನ ಹೊಲಿಗೆ ಆಟ

ಒಂದನೇ ತರಗತಿಯ ಗಲಾಟೆ ತಡೆಯಲಾರದೆ ಪಕ್ಕದ ತರಗತಿಯವರು ತಮ್ಮ ಕಿಟಕಿಗೆ ರಟ್ಟು ಹೊಡೆದುಕೊಂಡಿದ್ದರು. ಒಳಗೆ ಹೋಗಿ ನೋಡಿದರೆ ಅದು ಗಲಾಟೆಯಲ್ಲ, ಓದು. ಒಂದು ಮೂಲೆಯಲ್ಲಿ ಒಬ್ಬ ಹುಡುಗ ‘ಮ’ ಆಗಿ ನಿಂತಿರುತ್ತಿದ್ದ, ಎದುರು ಮೂಲೆಯಲ್ಲಿ ಒಬ್ಬಳು ‘ರ’. ಎರಡೂ ಅಂಗೈ ಜೋಡಿಸಿ ಚೂಪು ಮಾಡಿಕೊಂಡ ಇನ್ನೊಂದು ಮಗು ಸೂಜಿ. ಸೂಜಿಯು ‘ಮ’ನನ್ನು ಎಳೆದುಕೊಂಡು ಹೋಗಿ ‘ರ’ಳ ಕೈಗೆ ಹೊಲಿಯಬೇಕು, ದಾರಿಯುದ್ದಕ್ಕೂ ‘ಮ’ ತನ್ನ ಸದ್ದನ್ನು ತುಂಡಾಗದಂತೆ ಎಳೆಯುತ್ತಲೇ ಇರಬೇಕು. ಕೈಗೆ ಕೈ ತಗುಲಿದ್ದೇ ತಡ, ಇಡೀ ತರಗತಿ “ಮರ” ಎಂದು ಮಾಡು ಹಾರುವಂತೆ ಕೂಗುತ್ತಿತ್ತು. ಇದೇ ಟೀಚರಮ್ಮನ ಹೆಸರುವಾಸಿ ಹೊಲಿಗೆ ಆಟ.

ಅಕ್ಷರ ಬಂದ ಮಾತ್ರಕ್ಕೆ ಓದು ಬರುವುದಿಲ್ಲ ಎನ್ನುವುದು ಚಿಕ್ಕ ಮಕ್ಕಳಿಗೆ ಪಾಠ ಹೇಳಿದವರಿಗೆ ಮಾತ್ರ ಗೊತ್ತು. ಅಷ್ಟೂ ಅಕ್ಷರ ಗಿಣಿಯಂತೆ ಒಪ್ಪಿಸುವ ಮಗು, ‘ಕ’, ‘ಪಿ’ ಎಂದು ಬಿಡಿಬಿಡಿಯಾಗಿ ಹೇಳಿ, ಸೇರಿಸು ಎಂದರೆ ಪಕ್ಕದ ಚಿತ್ರ ನೋಡಿ “ಕೋತಿ” ಎನ್ನುತ್ತದೆ. ತಪ್ಪು ಎನ್ನುವಂತಿಲ್ಲ, ಸರಿ ಎನ್ನುವಂತೆಯೂ ಇಲ್ಲ. ಇದಕ್ಕಾಗಿ ಟೀಚರಮ್ಮನ ಬತ್ತಳಿಕೆಯಲ್ಲಿ ಹಲವು ಆಟಗಳಿದ್ದವು. ಆಮೆ ಮಾತು ಎಂಬ ಆಟದಲ್ಲಿ ಅವಳು ಆಮೆಯಂತೆ ತಡೆದು ತಡೆದು “ಬಾ… ಗಿ… ಲು” ಎಂದರೆ ಮಕ್ಕಳು ಮೊಲದಂತೆ ಒಂದೇ ಉಸಿರಿಗೆ ಸೇರಿಸಿ ಹೇಳಿ ಬಾಗಿಲು ಮುಟ್ಟಿ ಬರಬೇಕು. ಕಪ್ಪೆ ಆಟದಲ್ಲಿ ನೆಲದ ಮೇಲೆ ಬರೆದ ಅಕ್ಷರಗಳ ಮೇಲೆ ಕುಪ್ಪಳಿಸಿ ಪದ ಮಾಡಬೇಕು. ಆದರೆ ಎಲ್ಲಕ್ಕೂ ರಾಜ ಹೊಲಿಗೆ ಆಟವೇ.

ಅಡಚಣೆ ಒಂದೇ: ಅದು ಅವಳ ಆಟವಾಗಿರಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಅವಳನ್ನು ಸಾಕಿದವಳು ಅಕ್ಕ. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ದರ್ಜಿಯಾದಳು; ತಂಗಿ ಶಾಲೆಯಲ್ಲಿ ದಡ್ಡಿ ಎನಿಸಿಕೊಂಡು ಯಂತ್ರದ ಪಕ್ಕ ಕೂತು ಅಳುವವಳಾದಳು. ಅಕ್ಷರ ಎಲ್ಲ ಬರುತ್ತಿತ್ತು, ಒಂದಕ್ಕೊಂದು ಅಂಟುತ್ತಿರಲಿಲ್ಲ. ಆಗ ಅಕ್ಕ ಬಟ್ಟೆಯ ಚೂರುಗಳ ಮೇಲೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಒಂದೊಂದು ಅಕ್ಷರ ಬರೆದು, ಸೂಜಿಯ ಕೆಳಗೆ ಒಂದರ ಬೆನ್ನಿಗೆ ಒಂದು ಓಡಿಸಿ, “ಈಗ ಬಿಡಿಸೋಕಾಗುತ್ತಾ ನೋಡು. ಆಗಲ್ಲ ತಾನೇ? ಬಾಯಲ್ಲೂ ಬಿಡಿಸಬೇಡ” ಎಂದಿದ್ದಳು. ದಡ್ಡಿ ಓದಿದಳು, ಮುಂದೆ ಓದಿಸುವವಳೂ ಆದಳು. ಇಬ್ಬರೂ ಮದುವೆಯ ಗೋಜಿಗೆ ಹೋಗಲಿಲ್ಲ. ಮುಂದಿನ ಕೋಣೆ ಅಕ್ಕನ ಅಂಗಡಿ, ನಡುವೆ ಒಂದು ಪರದೆ, ಹಿಂದೆ ಅಡುಗೆಮನೆ; ಹೀಗೆ ಕೂದಲು ನರೆಯುವವರೆಗೂ ಚೆನ್ನಾಗಿಯೇ ಇದ್ದರು.

ಕೆಟ್ಟದ್ದು ಹೊಗಳಿಕೆಯಿಂದ. ಶಾಲೆಯ ಸಮಾರಂಭಕ್ಕೆ ಇಲಾಖೆಯ ಅಧಿಕಾರಿಯೊಬ್ಬರು ಬಂದು ಹೊಲಿಗೆ ಆಟ ನೋಡಿ ಬೆರಗಾದರು. ವೇದಿಕೆಗೆ ಕರೆದು ಟೀಚರಮ್ಮನ ಕೈಗೆ ಗಾಜಿನ ಫಲಕ ಕೊಟ್ಟು, ಮೈಕು ಮುಂದೆ ಹಿಡಿದು, “ಇಂಥ ಯೋಚನೆ ನಿಮಗೆ ಹೇಗೆ ಬಂತು?” ಎಂದು ಕೇಳಿದರು. ಮೈಕು ಹತ್ತಿರ ಬಂದರೆ ಕೆಲವರಿಗೆ ಸತ್ಯ ದೂರವಾಗುತ್ತದೆ.

“ಏನೋ ಸಾರ್, ಹಾಗೇ ಹೊಳೀತು” ಎಂದುಬಿಟ್ಟಳು.

ಅಕ್ಕ ಸಭೆಯಲ್ಲಿ ಕೂತಿದ್ದಳು. ತಂಗಿ ತೊಟ್ಟಿದ್ದು ಅಕ್ಕ ಆ ದಿನಕ್ಕೆಂದೇ ಹೊಲಿದುಕೊಟ್ಟ ಹೊಸ ಬಟ್ಟೆ.

ಮನೆಗೆ ಬಂದ ಮೇಲೆ ಅಕ್ಕ ಕೂಗಾಡಲಿಲ್ಲ. “ಒಂದು ಗುಂಡಿ ಹೊಲಿಯೋಕೆ ಬರದವಳಿಗೆ ಹೊಲಿಗೆ ಆಟ ಹೊಳೀತಂತೆ” ಎಂದಳು. “ಇನ್ನು ನಿನ್ನ ಹತ್ರ ಒಂದು ಮಾತೂ ಆಡಲ್ಲ.”

ಸಂಜೆಗೆ ಸರಿಹೋಗುತ್ತದೆ ಎಂದುಕೊಂಡಳು ತಂಗಿ. ವರ್ಷ ಕಳೆದರೂ ಸರಿಹೋಗಲಿಲ್ಲ. ತಂಗಿ ಬೆಳಿಗ್ಗೆ ಅಡುಗೆ ಮಾಡಿಟ್ಟು ಹಿತ್ತಲ ಬಾಗಿಲಿನಿಂದ ಶಾಲೆಗೆ ಹೋಗುವಳು; ಅಕ್ಕ ಉಂಡು ಪಾತ್ರೆ ತೊಳೆದಿಡುವಳು. ಮೇಜಿನ ಮೇಲೆ ಕತ್ತರಿ ಇಡುವ ಸದ್ದಿನಿಂದಲೇ ಅಕ್ಕನ ಅಂದಿನ ಹವಾಮಾನ ತಿಳಿದುಕೊಳ್ಳಬೇಕು. ತಂಗಿಯೂ ಕಡಿಮೆ ಹಟದವಳಲ್ಲ. ತಪ್ಪಾಯಿತು ಎಂಬ ಪದ ಅವಳ ಬಾಯಲ್ಲಿ ‘ತ’, ‘ಪ್ಪಾ’ ಎಂದು ಬಿಡಿಬಿಡಿಯಾಗಿಯೇ ಉಳಿಯಿತು. ಊರಿನ ಮಕ್ಕಳ ಬಾಯಲ್ಲೆಲ್ಲ ಅಕ್ಷರಕ್ಕೆ ಅಕ್ಷರ ಜೋಡಿಸುವವಳ ಮನೆಯಲ್ಲಿ ಎರಡು ಕೋಣೆ ಕೂಡಿಕೊಳ್ಳಲಿಲ್ಲ.

ಆ ವರ್ಷ ಅವಳ ತರಗತಿಗೆ ಗುಂಡಿ ಬಂದಳು. ಅಕ್ಕನ ಅಂಗಡಿಯಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುವ ಹೆಂಗಸಿನ ಮಗಳಾದ್ದರಿಂದ ಎಲ್ಲರ ಬಾಯಲ್ಲೂ ಅವಳು ಗುಂಡಿಯೇ. ಅವಳಿಗೆ ಅಕ್ಷರ ಬರುತ್ತಿತ್ತು, ಪದ ಬರುತ್ತಿರಲಿಲ್ಲ. ‘ಸ’, ‘ರ’ ಎಂದು ಸ್ಪಷ್ಟವಾಗಿ ಹೇಳಿ, “ಸೇರಿಸಿದರೆ?” ಎಂದರೆ “ಬಂಗಾರ” ಎನ್ನುವಳು. ಚಿತ್ರ ಮುಚ್ಚಿದರೆ ಟೀಚರಮ್ಮನ ಮುಖವನ್ನೇ ಓದಲು ಪ್ರಯತ್ನಿಸುವಳು. ಆಮೆ ಮಾತು ಆಡಿಸಿದ್ದಾಯಿತು. ಗುಂಡಿ ಎಲ್ಲರಿಗಿಂತ ಮೊದಲು ಓಡಿ ಬಾಗಿಲು ಮುಟ್ಟಿದಳು, ಬಾಯಲ್ಲಿ ಬಂದ ಪದ ಮಾತ್ರ “ಕುರ್ಚಿ”. ಕಪ್ಪೆ ಆಟದಲ್ಲಿ ಸೊಗಸಾಗಿ ಕುಪ್ಪಳಿಸಿದಳು. ಹೊಲಿಗೆ ಆಟದಲ್ಲಿ ಸೂಜಿಯಾದರೆ ಎಳೆದು ತರಬೇಕಾದ ಅಕ್ಷರದ ಕೈಯನ್ನು ನಡುದಾರಿಯಲ್ಲೇ ಬಿಟ್ಟುಬಿಡುವಳು.

ಹೀಗಿರುವಾಗ ಅದೇ ಅಧಿಕಾರಿ ಮತ್ತೆ ಬರುತ್ತಾರೆಂಬ ಸುದ್ದಿ ಬಂತು. ಮುಖ್ಯ ಶಿಕ್ಷಕಿ ಟೀಚರಮ್ಮನನ್ನು ಕರೆದು ದನಿ ತಗ್ಗಿಸಿದರು. “ಆ ಗುಂಡಿ ಇದ್ದಾಳಲ್ಲ, ಅವಳನ್ನು ಹಿಂದಿನ ಸಾಲಲ್ಲಿ ಕೂರಿಸಿ. ಅವತ್ತು ಹುಷಾರಿಲ್ಲದೇ ಹೋದರೆ ಇನ್ನೂ ಒಳ್ಳೇದು.”

“ಹುಷಾರಾಗೇ ಇರ್ತಾಳೆ ಮೇಡಂ. ಅವಳಿಗೆ ಯಾವತ್ತೂ ಏನೂ ಆಗಲ್ಲ.”

“ಅದೇ ತೊಂದರೆ” ಎಂದರು ಮುಖ್ಯ ಶಿಕ್ಷಕಿ.

ಮರುದಿನ ತಲೆನೋವೆಂದು ಟೀಚರಮ್ಮ ಶಾಲೆ ಬಿಟ್ಟ ಕೂಡಲೇ ಹಿತ್ತಲ ಬಾಗಿಲಿನಿಂದ ಮನೆಗೆ ಬಂದಳು. ಮಾತಿಲ್ಲದ ಮನೆಗೆ ದಿನವೂ ಹೊತ್ತು ಮಾಡಿ ಬರುವವಳು. ಅಷ್ಟು ಹೊತ್ತಿಗೇ ಬಂದದ್ದು ಅಕ್ಕನಿಗೆ ತಿಳಿಯಲಿಲ್ಲ. ಪರದೆಯ ಆಚೆ ಹೊಲಿಗೆ ಯಂತ್ರ ಒಂದೊಂದೇ ಹೆಜ್ಜೆ ಹಾಕುತ್ತಿತ್ತು.

“ಉ… ಪ್ಪು” ಎಂದಿತು ಅಕ್ಕನ ದನಿ.

“ಉಪ್ಪು” ಎಂದಳು ಗುಂಡಿ.

“ಜಾ… ಸ್ತಿ.”

“ಜಾಸ್ತಿ. ಉಪ್ಪು ಜಾಸ್ತಿ.”

ಟೀಚರಮ್ಮ ಪರದೆಯ ಸಂದಿಯಿಂದ ನೋಡಿದಳು. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಗುಂಡಿ ಚಕ್ಕಂಬಕ್ಕಳ ಹಾಕಿ ಕೂತು, ಅಕ್ಕ ಹೊಲಿದು ಕೆಳಗೆ ಬಿಟ್ಟ ಬಟ್ಟೆಯ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಪಟ್ಟಿಯ ಮೇಲೆ ಸೀಮೆಸುಣ್ಣದ ಅಕ್ಷರಗಳು. ಒತ್ತಕ್ಷರ ಒಂದನೇ ತರಗತಿಯ ಪಾಠವಲ್ಲ, ಅದಕ್ಕಿನ್ನೂ ಎಷ್ಟೋ ದಿನ ಇದೆ ಎಂದು ಟೀಚರಮ್ಮನಿಗೆ ತಲೆನೋವಿನ ನಡುವೆಯೂ ನೆನಪಾಯಿತು.

ಮತ್ತೊಂದು ಪಟ್ಟಿ ಕೆಳಗೆ ಇಳಿಯಿತು. “ಮೊಂ… ಡಿ” ಎಂದು ಈ ಸಲ ಗುಂಡಿ ತಾನೇ ಓದಿದಳು. “ಮೊಂಡಿ.”

ಇನ್ನೊಂದು, ಇದು ಉದ್ದನೆಯದು. ಗುಂಡಿ ಬೆರಳಿಟ್ಟು ಹೊಲಿಗೆಯ ಗುಂಟ ಸಾಗಿದಳು. “ಸು… ಳ್ಳು… ಗಾ… ತಿ. ಸುಳ್ಳುಗಾತಿ. ಯಾರು ದೊಡ್ಡಮ್ಮಾ?”

ಯಂತ್ರ ನಿಂತಿತು. “ಯಾ… ರೋ.”

“ಯಾರೋ” ಎಂದು ಗುಂಡಿ ಶ್ರದ್ಧೆಯಿಂದ ಸೇರಿಸಿದಳು.

ಮರ, ಸರ, ಕಮಲಕ್ಕೆ ಬಗ್ಗದ ಹುಡುಗಿ ಟೀಚರಮ್ಮನ ಮೇಲಿನ ಬೈಗುಳಕ್ಕೆ ಬಗ್ಗಿದ್ದಳು. ಸಂತೋಷಪಡಬೇಕೋ ಸಿಟ್ಟಾಗಬೇಕೋ ತಿಳಿಯದೆ ಟೀಚರಮ್ಮ ಸದ್ದಾಗದಂತೆ ಅಡುಗೆಮನೆಗೆ ಹೋಗಿ, ಪಾತ್ರೆಯಲ್ಲಿ ಉಳಿದಿದ್ದನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡಳು. ಉಪ್ಪು ಜಾಸ್ತಿಯೇ ಆಗಿತ್ತು.

ಅಧಿಕಾರಿ ಬಂದ ದಿನ ಗುಂಡಿ ಹಿಂದಿನ ಸಾಲಿನಲ್ಲಿದ್ದಳು. ಆದರೆ ಅಧಿಕಾರಿಗಳಿಗೆ ಹಿಂದಿನ ಸಾಲಿನ ಮೇಲೇ ಕಣ್ಣು ಎನ್ನುವುದನ್ನು ಮುಖ್ಯ ಶಿಕ್ಷಕಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವರು ನೇರ ಗುಂಡಿಯ ಬಳಿ ಹೋಗಿ ಬಗ್ಗಿದರು. “ನೀನು ಏನಾದರೂ ಓದ್ತೀಯಾ ಪುಟ್ಟಿ?”

ಗುಂಡಿ ಎದ್ದು ನಿಂತು ಜೇಬಿಗೆ ಕೈ ಹಾಕಿ, ಒಂದು ಪಟ್ಟಿ ಹೊರತೆಗೆದು, ಬೆರಳಿಟ್ಟು, ಒಂದೂ ಅಕ್ಷರ ಬಿಡದೆ ಓದಿದಳು: “ಸುಳ್ಳುಗಾತಿ.”

ಅಧಿಕಾರಿ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ಪರವಾಗಿಲ್ವೇ, ಈಗಲೇ ಒತ್ತಕ್ಷರ ಓದ್ತಾಳೆ. ನಿಜವಾಗಲೂ ಹೊಲಿದಿದ್ದಾರೆ ಬೇರೆ. ಇದೂ ನಿಮಗೇ ಹೊಳೀತಾ ಟೀಚರ್?”

ಈ ಸಲ ಮೈಕು ಇರಲಿಲ್ಲ. ಟೀಚರಮ್ಮ ಒಮ್ಮೆ ಪಟ್ಟಿಯ ಕಡೆ, ಒಮ್ಮೆ ಗುಂಡಿಯ ಕಡೆ ನೋಡಿದಳು.

“ಇಲ್ಲ ಸಾರ್. ಇದೂ ನನ್ನದಲ್ಲ, ಅದೂ ನನ್ನದಲ್ಲ. ಆಟ ನನ್ನ ಅಕ್ಕನದು. ಅವಳು ದರ್ಜಿ. ನನಗೆ ಓದು ಹತ್ತದೇ ಇದ್ದಾಗ ಅವಳು ಕಲಿಸಿದ್ದು. ಅವತ್ತು ನಾನು ಸುಳ್ಳು ಹೇಳಿದೆ. ಆ ಪಟ್ಟಿಯಲ್ಲಿರೋದು ನಾನೇ.”

ಎಂಥ ಶಿಕ್ಷೆಗೂ ಅವಳು ಸಿದ್ಧಳಿದ್ದಳು. ಅಧಿಕಾರಿಯ ಕಣ್ಣು ಒದ್ದೆಯಾಗುವುದಕ್ಕೆ ಮಾತ್ರ ಸಿದ್ಧಳಿರಲಿಲ್ಲ.

“ಕೇಳಿದಿರಾ ಮೇಡಂ?” ಎಂದರು ಅವರು ಮುಖ್ಯ ಶಿಕ್ಷಕಿಗೆ. “ದೊಡ್ಡವರು ಹೀಗೇ. ಎಲ್ಲಾ ಶ್ರೇಯಸ್ಸು ಮನೆಯವರಿಗೆ ಕೊಟ್ಟುಬಿಡ್ತಾರೆ.”

“ನಮ್ಮ ಟೀಚರಮ್ಮ ಮೊದಲಿಂದಲೂ ಹಾಗೇ ಸಾರ್” ಎಂದರು ಮುಖ್ಯ ಶಿಕ್ಷಕಿ. “ತುಂಬ ವಿನಯ.”

ಟೀಚರಮ್ಮ ಇನ್ನೊಮ್ಮೆ ಹೇಳಿದಳು. ವಿನಯ ಇನ್ನಷ್ಟು ಹೆಚ್ಚಾಯಿತು. ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದ ಜನ ನಿಜ ಹೇಳಿದಾಗ ಚಪ್ಪಾಳೆ ತಟ್ಟಿ ಹೊರಟುಹೋದರು.

ಕೇಳಿಸಿಕೊಂಡವಳು ಗುಂಡಿ ಒಬ್ಬಳೇ. ಸಂಜೆ ಮೇಜಿನ ಕೆಳಗೆ ನುಸುಳುವ ಮೊದಲೇ ವರದಿ ಒಪ್ಪಿಸಿದ್ದಳು. “ದೊಡ್ಡಮ್ಮ, ಸುಳ್ಳುಗಾತಿ ಯಾರೋ ಅಲ್ವಂತೆ. ಟೀಚರಂತೆ. ಆಟ ನಿಮ್ಮದಂತೆ. ಎಲ್ಲರ ಮುಂದೆ ಹೇಳಿದ್ರು.”

ಆ ದಿನ ಟೀಚರಮ್ಮ ಹಿತ್ತಲಿಗೆ ಸುತ್ತದೆ ಅಂಗಡಿಯ ಬಾಗಿಲಿನಿಂದಲೇ ಒಳಬಂದಳು. ಅಕ್ಕ ತಲೆ ಎತ್ತಲಿಲ್ಲ. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸುತ್ತಾ, “ಯಾರೂ ನಂಬಲಿಲ್ಲವಂತೆ” ಎಂದಳು.

“ಇಲ್ಲ.”

“ನೀನು ಯಾವಾಗಲೂ ನಂಬೋ ಹಾಗೆ ಹೇಳೋದು ಸುಳ್ಳನ್ನೇ.”

ತಂಗಿ ಚೀಲ ಕೆಳಗಿಟ್ಟಳು. “ನನ್ನ ಹತ್ರ ಮಾತಾಡಲ್ಲ ಅಂದಿದ್ದೆ. ಆ ಮಗೂಗೆ ನನ್ನ ಮೇಲಿನ ಬೈಗುಳನೆಲ್ಲ ಕಲಿಸಿದೀಯ.”

“ಮಾತಾಡಲ್ಲ ಅಂದಿದ್ದೆ. ಅಕ್ಷರ ಆಡಲ್ಲ ಅಂದಿದ್ನಾ?” ಎಂದಳು ಅಕ್ಕ. ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ತಂಗಿ ಅದನ್ನು ತೆಗೆದುಕೊಂಡು ಪೋಣಿಸಿಕೊಟ್ಟಳು. “ಮಕ್ಕಳು ಮರ, ಸರ ಅಂತ ಓದಿ ಏನಾಗಬೇಕು? ಮನೆಯಲ್ಲಿ ಏನು ನಡೀತಿದೆ ಅಂತ ತಿಳಿಯೋಕೆ ತಾನೇ ಓದೋದು” ಎಂದಳು ಅಕ್ಕ.

ಗುಂಡಿ ಮುಂದಿನ ತರಗತಿಗೆ ಹೋದಳು. ಕೈಗೆ ಸಿಕ್ಕಿದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಾಳೆ. ಅಮ್ಮನಿಗೆ ಮುಜುಗರವಾಗುವಂಥ ಗೋಡೆ ಬರಹಗಳನ್ನೂ ಬಿಡುವುದಿಲ್ಲ. ಅಕ್ಕ ಈಗ ವಾರಕ್ಕೊಂದು ದಿನ ಬಟ್ಟೆಯ ಚೂರುಗಳ ಗಂಟು ಹೊತ್ತು ಶಾಲೆಗೆ ಬರುತ್ತಾಳೆ. ಮಕ್ಕಳು ಅವಳ ಮುಂದೆ ಸೂಜಿ ಬಿದ್ದರೂ ಕೇಳುವಷ್ಟು ಸುಮ್ಮನಿರುತ್ತಾರೆ. ಅದೊಂದು ವಿಷಯ ಮಾತ್ರ ಟೀಚರಮ್ಮನಿಗೆ ಅಷ್ಟಾಗಿ ಹಿಡಿಸಿಲ್ಲ.

ಉಳಿದಂತೆ ಮನೆಯಲ್ಲಿ ಮಾತಿಗೆ ಬರವಿಲ್ಲ. ವರ್ಷಕ್ಕೂ ಮೀರಿ ಕೂಡಿಟ್ಟದ್ದನ್ನೆಲ್ಲ ಅಕ್ಕ ಬೆಳಗಿನಿಂದ ದೀಪ ಆರಿಸುವವರೆಗೆ ಬಿಡಿಸಿ ಬಿಡಿಸಿ ಹೇಳುತ್ತಾಳೆ: ಯಾವ ಗಿರಾಕಿ ಅಳತೆ ತಪ್ಪು ಕೊಟ್ಟರು, ನೀರಿನ ಕೊಡ ಯಾಕೆ ಸೋರುತ್ತದೆ, ಚಿಕ್ಕಂದಿನಲ್ಲಿ ತಂಗಿ ಎಲ್ಲೆಲ್ಲಿ ಬಿದ್ದಳು. ತಂಗಿ ಹೂಂಗುಟ್ಟುತ್ತಾಳೆ. ಹೂಂ ಎನ್ನುವುದು ತಡವಾದರೆ “ಕೇಳಿಸ್ತಾ?” ಎಂದು ಮೊದಲಿನಿಂದ ಶುರುವಾಗುತ್ತದೆ. ಇತ್ತೀಚೆಗೆ ಟೀಚರಮ್ಮ ಮತ್ತೆ ಶಾಲೆ ಬಿಟ್ಟ ಮೇಲೂ ಖಾಲಿ ತರಗತಿಯಲ್ಲಿ ಒಬ್ಬಳೇ ಸ್ವಲ್ಪ ಹೊತ್ತು ಕೂತಿರುತ್ತಾಳೆ. ಯಾರಾದರೂ ಕೇಳಿದರೆ, ನಾಳೆಯ ಪಾಠಕ್ಕೆ ತಯಾರಿ ಎನ್ನುತ್ತಾಳೆ. ಎಲ್ಲರೂ ನಂಬುತ್ತಾರೆ.