ನಾನು ಸಹಿ ಹಾಕಿದ ಪಟ್ಟಿ

ಮೊದಲು ನಿಂತದ್ದು ಶೇವಿಂಗ್.

ನನ್ನ ಗಂಡ ರುದ್ರಯ್ಯ ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿದ್ದು ಸುಬೇದಾರ್ ಆಗಿ ನಿವೃತ್ತರಾದವರು. ಮೂರು ದಿನದ ರೈಲು ಪ್ರಯಾಣದಲ್ಲೂ, ಬೋಗಿ ಎಷ್ಟೇ ಅಲುಗಾಡಲಿ, ಒಂದು ಮಗ್ ನೀರಿನಲ್ಲಿ ಗಡ್ಡ ತೆಗೆದುಕೊಂಡ ಮೇಲೆಯೇ ಟೀ ಮುಟ್ಟುತ್ತಿದ್ದರು. ಈಚೆಗೆ ಒಂದು ಸೋಮವಾರ ಶೇವ್ ಮಾಡಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಕೇಳಿಯೇಬಿಟ್ಟೆ.

"ಯಾರಿಗೆ ತೋರಿಸ್ಬೇಕು, ಕಾನ್ವೆಂಟ್?" ಎಂದರು.

ಮದುವೆಯಾದಾಗಿನಿಂದ ನನ್ನನ್ನು ಕರೆಯುವುದೇ ಹಾಗೆ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳೆಂಬ ಗೇಲಿ. ಅವತ್ತು ಆ ದನಿಯಲ್ಲಿ ಗೇಲಿ ಇರಲಿಲ್ಲ.

ಆಮೇಲೆ ಊಟ ಕಡಿಮೆಯಾಯಿತು. ಪೇಪರ್ ಮಡಿಸಿದಂತೆಯೇ ಉಳಿಯತೊಡಗಿತು. ಮಂಡಿ ಆಪರೇಷನ್ ಆದ ಮೇಲೆ ಸಾವನದುರ್ಗದ ರಸ್ತೆಯ ವಾಕಿಂಗ್ ನಿಂತಿತ್ತಲ್ಲ, ಅದರ ಬೇಸರ ಎಂದುಕೊಂಡೆ. ವಯಸ್ಸು ಎಂದುಕೊಂಡೆ. ಏನೇನೋ ಎಂದುಕೊಂಡೆ, ಆ ಒಂದನ್ನು ಬಿಟ್ಟು.

ಆ ಒಂದು ನಮಗೆ ಗೊತ್ತಿಲ್ಲದ್ದೇನಲ್ಲ. ಎರಡು ವರ್ಷದ ಹಿಂದೆ ವಿರೂಪಾಕ್ಷಿಪುರದ ಚಿಕ್ಕಣ್ಣ, ಇವರ ರೆಜಿಮೆಂಟಿನವರೇ, ತಾವಾಗಿ ಜೀವ ಕಳೆದುಕೊಂಡರು. ನಾವು ಹೋದಾಗ ಅವರ ಹೆಂಡತಿ ಜಯಮ್ಮ ಅಳಲಿಲ್ಲ. "ನಾಕು ತಿಂಗ್ಳಿಂದ ಒಬ್ರೂ ಒಂದು ಫೋನ್ ಮಾಡ್ನಿಲ್ಲ ಸಾಹೇಬ್ರೆ" ಎಂದಳು, ಅಷ್ಟೆ. ವಾಪಸು ಬರುವಾಗ ರಾಮನಗರದಲ್ಲಿ ಬಸ್ಸು ಬದಲಾಯಿಸಿದೆವು. ನಮ್ಮೂರು ಮಾಗಡಿಯ ಬಸ್ಸು ಹತ್ತುವಾಗ ಇವರು ಹೇಳಿದರು: "ಇನ್ಮೇಲೆ ಹಾಜರಿ."

ಹಾಗೆ ಶುರುವಾಯಿತು. ಸುತ್ತಿನ ನಾಲ್ಕು ತಾಲ್ಲೂಕುಗಳ ನಿವೃತ್ತ ಸೈನಿಕರು ಬೆಳಗ್ಗೆ ಏಳರೊಳಗೆ ವಾಟ್ಸಾಪ್ ಗುಂಪಿನಲ್ಲಿ 'ಹಾಜರ್' ಎಂದು ಹಾಕಬೇಕು. ಯಾರದು ಬರಲಿಲ್ಲವೋ ಅವರ ಮನೆ ಬಾಗಿಲಿಗೆ ಹತ್ತಿರದವರು ಎಂಟರೊಳಗೆ ಹೋಗಿ ನಿಲ್ಲಬೇಕು. ಹಾಜರಿ ತೆಗೆದುಕೊಳ್ಳುವವರು ಚನ್ನಪಟ್ಟಣದ ಇಬ್ರಾಹಿಂ. ಹವಾಲ್ದಾರ್ ಆಗಿದ್ದವರು, ಈಗ ಅಣ್ಣನ ಕಾರ್ಖಾನೆಯಲ್ಲಿ ಮರದ ಬೊಂಬೆ ಕಡೆಯುತ್ತಾರೆ. ಗುಂಪಿನಲ್ಲಿ ಸಾವಿನ ಮಾತು ಯಾರೂ ಎತ್ತುವುದಿಲ್ಲ. ಹಾಜರ್, ಅಷ್ಟೆ.

ಅದನ್ನು ಶುರುಮಾಡಿದ ಮನುಷ್ಯ ಈಗ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಫೋನ್ ಮೇಜಿನ ಮೇಲೆ ಬಿದ್ದಿತ್ತು. ಏಳಾಗಲು ಐದು ನಿಮಿಷ ಇತ್ತು.

ನಾನೇ 'ಹಾಜರ್' ಎಂದು ಹಾಕಿದೆ.

ಮಾರನೆಯ ದಿನವೂ ಹಾಕಿದೆ. ಹೀಗೆ ಇಪ್ಪತ್ತೊಂದು ದಿನ. ಯಾಕೆ ಎಂದು ಆಮೇಲೆ ಎಲ್ಲರೂ ಕೇಳಿದರು. ಸುಬೇದಾರ್ ಸಾಹೇಬರೇ ಹೀಗಾದರಂತೆ ಎಂಬ ಮಾತು ಬರುವುದು ಬೇಡವಾಗಿತ್ತು. 'ಎ ಲೇಡಿ ಡಸ್ ನಾಟ್ ಕಂಪ್ಲೇನ್' ಎಂದು ಸಿಸ್ಟರ್ ಕಲಿಸಿದ್ದು ನನ್ನ ಮೂಳೆಯಲ್ಲಿ ಇಳಿದುಬಿಟ್ಟಿದೆ. ಕನಕಪುರದಲ್ಲಿರುವ ಮಗಳಿಗೂ ಫೋನಿನಲ್ಲಿ "ಅಪ್ಪ ಚೆನ್ನಾಗಿದ್ದಾರೆ, ಜಸ್ಟ್ ಟಯರ್ಡ್" ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಅನ್ನಿಸಲಿಲ್ಲ. ಮನೆಯ ಮಾನ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ.

ಇಪ್ಪತ್ತೆರಡನೆಯ ದಿನ ನಾನು ಏಳುವಷ್ಟರಲ್ಲಿ ಅವರು ಸ್ನಾನ ಮಾಡಿದ್ದರು. ಶೇವ್ ಆಗಿತ್ತು. ಇಸ್ತ್ರಿ ಶರ್ಟು ಹಾಕಿ, ಮೇಜಿನ ಮೇಲೆ ಸ್ಕೇಲ್ ಇಟ್ಟುಕೊಂಡು ಏನೋ ಬರೆಯುತ್ತಿದ್ದರು. ಸಂತೋಷಕ್ಕೆ ಅಕ್ಕಿ ರೊಟ್ಟಿ ತಟ್ಟಿದೆ.

ಬರೆಯುತ್ತಿದ್ದದ್ದು ಚಾರ್ಜ್ ಕೊಡುವ ಪಟ್ಟಿ. ಸೈನ್ಯದಲ್ಲಿ ಬೇರೆ ಊರಿಗೆ ಪೋಸ್ಟಿಂಗ್ ಬಂದರೆ, ತಮ್ಮ ಸುಪರ್ದಿನಲ್ಲಿದ್ದ ಎಲ್ಲವನ್ನೂ ಪಟ್ಟಿ ಮಾಡಿ ಮುಂದಿನವರಿಗೆ ಒಪ್ಪಿಸಬೇಕು. ಕೊಟ್ಟವರದೊಂದು ಸಹಿ, ತೆಗೆದುಕೊಂಡವರದೊಂದು. ಹನ್ನೊಂದು ಕ್ವಾರ್ಟರ್ಸ್ ಖಾಲಿ ಮಾಡಿದ್ದೇವೆ. ಅಷ್ಟೂ ಸಲ ಇವರ ಪಕ್ಕ ಕೂತು ಫ್ಯಾನು, ಮಂಚ, ಬಲ್ಬು ಎಣಿಸಿದ್ದೇನೆ. ಇದೂ ಹಾಗೆಯೇ ಇತ್ತು, ಇಂಗ್ಲಿಷಿನಲ್ಲಿ, ನಂಬರ್ ಹಾಕಿ. ಬಾವಿ ಮೋಟರಿನ ಸ್ವಿಚ್ ಎರಡು ಸಲ ಒತ್ತಬೇಕು. ಗ್ಯಾಸ್ ಬುಕ್ ಎರಡನೆಯ ಡ್ರಾಯರಿನಲ್ಲಿದೆ. ತೆಂಗಿನಮರ ಹತ್ತಲು ಯಾರನ್ನು ಕರೆಯಬೇಕು. ನನ್ನ ಬಿಪಿ ಮಾತ್ರೆಯ ಹೆಸರು.

"ಸೈನ್ ಹಾಕು" ಎಂದರು.

ಮೂವತ್ತು ವರ್ಷ ಇಂಗ್ಲಿಷ್ ಟೀಚರ್ ಆಗಿದ್ದವಳು ನಾನು. ಕೆಂಪು ಪೆನ್ನಿನಲ್ಲಿ ಎರಡು ಸ್ಪೆಲ್ಲಿಂಗ್ ತಿದ್ದಿ, ನಗುತ್ತಾ ಸಹಿ ಹಾಕಿದೆ. "ಗುಡ್" ಎಂದು ನನ್ನ ತಲೆ ಮೇಲೆ ಕೈಯಿಟ್ಟರು. ಒಂದು ತಿಂಗಳಿಂದ ಆ ಕೈ ನನ್ನನ್ನು ಮುಟ್ಟಿರಲಿಲ್ಲ.

ಅವತ್ತು ನನಗೆ ಬಹಳ ಸಂತೋಷವಾಗಿತ್ತು. ಇದನ್ನು ಬರೆಯಲೇಬೇಕು.

ಅವರು ಹಿತ್ತಲಿಗೆ ಹೋದರು. ನಾನು ಪಟ್ಟಿಯ ಫೋಟೋ ತೆಗೆದು 'ಹಾಜರ್' ಜೊತೆಗೆ ಗುಂಪಿಗೆ ಹಾಕಿದೆ. ನೋಡಲಿ, ನಿಮ್ಮ ಸಾಹೇಬರು ಹಳೆಯ ಫಾರ್ಮಿಗೆ ಬಂದಿದ್ದಾರೆ ಎಂದು.

ಎರಡು ನಿಮಿಷಕ್ಕೆ ಇಬ್ರಾಹಿಂ ಫೋನ್.

"ಭಾಭಿ, ಸಾಬ್ ಎಲ್ಲವ್ರೆ?"

"ಹಿತ್ತಲಲ್ಲಿ. ಯಾಕಣ್ಣ?"

"ಪೋಸ್ಟಿಂಗ್ ಎಲ್ಲಿಗೆ ಬಂದೈತಂತೆ?"

ತಮಾಷೆ ಎಂದುಕೊಂಡೆ. "ಈ ವಯಸ್ಸಿಗೆ ಎಂಥ ಪೋಸ್ಟಿಂಗ್?"

"ನಾನೂ ಅದೇ ಕೇಳ್ತಿರೋದು ಭಾಭಿ. ಪೋಸ್ಟಿಂಗ್ ಇಲ್ದೆ ಯಾರೂ ಚಾರ್ಜ್ ಕೊಡಲ್ಲ. ಫೋನ್ ಇಡ್ಬೇಡಿ. ಹಂಗೇ ಅವ್ರ ಹತ್ರ ಹೋಗಿ."

ನಾನು ಓಡಿದೆ.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಪಾಲಿಶ್ ಮಾಡಿದ ಬೂಟು, ಬಿಗಿದ ಲೇಸು. ಮುಖದಲ್ಲಿ ಹಿಂದೆಂದೂ ಕಾಣದ ಶಾಂತಿ. ಪಕ್ಕದಲ್ಲಿ ಕೂತು ತೋಳು ಹಿಡಿದುಕೊಂಡೆ. "ಏನಾರ ಮಾತಾಡ್ತಾ ಇರಿ ಭಾಭಿ" ಎಂದು ಇಬ್ರಾಹಿಂ ಫೋನಿನೊಳಗಿಂದ ಹೇಳುತ್ತಲೇ ಇದ್ದರು. ಮಧ್ಯಾಹ್ನಕ್ಕೆ ಹುರುಳಿ ಸಾರು ಮಾಡುತ್ತೇನೆ ಎಂದೆ. ಅದನ್ನೇ ನಾಲ್ಕು ಸಲ ಹೇಳಿದೆ.

ಇಬ್ರಾಹಿಂ ಗುಂಪಿನಲ್ಲಿ ಹೇಳಿದ್ದರಿಂದ ಹತ್ತು ನಿಮಿಷದಲ್ಲಿ ಗಂಗಣ್ಣ ಬಂದ. ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವನು, ಈಗ ಪೇಟೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾನೆ. ಹುಬ್ಬಿನ ಮೇಲೆಲ್ಲ ರಾಗಿ ಹಿಟ್ಟು. ನೆಲದ ಮೇಲೆ ಇವರ ಎದುರಿಗೇ ಕುಕ್ಕರುಗಾಲಲ್ಲಿ ಕೂತ.

"ಏನ್ ಸಾಹೇಬ್ರೆ, ಬೂಟು ಕನ್ನಡಿ ಆಗೈತಲ್ಲ. ನನ್ ಮೊಕ ಇದ್ರಲ್ಲಿ ನೋಡಿ ನಂಗೇ ದಿಗ್ಲಾಯ್ತು."

ಗಂಗಣ್ಣ ಹುಬ್ಬಿನ ಹಿಟ್ಟು ಒರೆಸಿಕೊಂಡ.

"ಮುಚ್ಚುಮರೆ ಬ್ಯಾಡ ಸಾಹೇಬ್ರೆ. ಸಾಯ್ಬೇಕು ಅನ್ಕಂಡಿದ್ದೀರಾ?"

"ಗಂಗಣ್ಣ, ಹಾಗೆಲ್ಲ ಕೇಳಬಾರದು" ಎಂದೆ. ಅವನು ನನ್ನ ಕಡೆ ನೋಡದೆ ಸುಮ್ಮನಿರಿ ಎಂಬಂತೆ ಕೈ ತೋರಿಸಿದ.

"ಹೂಂ" ಎಂದರು ನನ್ನ ಗಂಡ.

"ಯಾವಾಗ?"

"ಇವತ್ತು."

ಆಮೇಲೆ ನನ್ನ ಕಡೆ ತಿರುಗಿದರು. "ನೀನು ಸೈನ್ ಮಾಡಿದೀಯ ಕಾನ್ವೆಂಟ್. ಚಾರ್ಜ್ ತಗೊಂಡಾಯ್ತು. ಇನ್ನು ಬಿಡು."

ಐವತ್ತು ವರ್ಷದ ಸಂಸಾರದಲ್ಲಿ ಇಷ್ಟು ಮೆತ್ತಗೆ ಅವರು ಏನನ್ನೂ ಬೇಡಿರಲಿಲ್ಲ.

ಗಂಗಣ್ಣ ಕಾರು ತರಿಸಿದ. ರಾಮನಗರದ ಡಾಕ್ಟರು ನೋಡಿ, ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ರೆಫರ್ ಮಾಡಿದರು. ಸಿವಿಯರ್ ಡಿಪ್ರೆಶನ್. ಹದಿನೆಂಟು ದಿನ ಅಡ್ಮಿಟ್. ಅಲ್ಲಿಯ ಡಾಕ್ಟರು ನನ್ನ ಮಗಳಿಗಿಂತ ಚಿಕ್ಕವಳು.

"ನೀವು ಒಂದು ಸಲವೂ ಕೇಳಲಿಲ್ವಾ ಆಂಟಿ?"

"ಕೇಳಿದರೆ ಎಲ್ಲಿ ನಾನೇ ಆ ಯೋಚನೆ ತಲೆಗೆ ತುಂಬಿದಂತಾಗುತ್ತೋ ಎಂದು..."

"ಕೇಳೋದ್ರಿಂದ ಬರಲ್ಲ. ಕೇಳದೆ ಇದ್ರೆ ಅವರೊಬ್ಬರೇ ಹೊತ್ಕೊಂಡಿರ್ತಾರೆ."

ನೋಡಲು ಬಂದ ಇಬ್ರಾಹಿಮರಿಗೆ ವಾರ್ಡಿನ ಹೊರಗೆ ನಿಜ ಹೇಳಿದೆ. ಇಪ್ಪತ್ತೊಂದು ದಿನ 'ಹಾಜರ್' ಹಾಕಿದವಳು ನಾನು ಎಂದೆ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನೀವು ಹಾಕಿದ್ರಿ, ನಾನು ಟಿಕ್ ಮಾಡಿದೆ. ಇಪ್ಪತ್ತೊಂದು ದಿನ ಒಂದ್ಸಲನಾದ್ರೂ ಆವಾಜ್ ಕೇಳೋಣ ಅಂತ ನಂಗೂ ಅನ್ನಿಸ್ಲಿಲ್ಲ ಭಾಭಿ."

ಆ ವಾರವೇ ನಿಯಮ ಬದಲಾಯಿತು. ಈಗ ಬರೆದರೆ ಲೆಕ್ಕಕ್ಕಿಲ್ಲ. ತಮ್ಮ ದನಿಯಲ್ಲೇ ಹೇಳಬೇಕು.

ಕಷ್ಟವಾದದ್ದು ಮನೆಗೆ ಬಂದ ಮೇಲೆ. ಬಚ್ಚಲಿನ ಚಿಲಕ ತೆಗೆಸಿದೆವು. ಒಳಗಿದ್ದಷ್ಟು ಹೊತ್ತು ಏನಾದರೂ ಸದ್ದು ಮಾಡುತ್ತಿರಬೇಕೆಂದು ಒಪ್ಪಂದ. ಎಂಥ ಮರ್ಯಾದಸ್ಥ ಮನುಷ್ಯ, ಹೆಂಡತಿ ಬಾಗಿಲಲ್ಲಿ ನಿಂತಿರುವಾಗ ಕೆಮ್ಮಿ ಕೆಮ್ಮಿ ತಾನು ಬದುಕಿದ್ದೇನೆಂದು ಹೇಳಬೇಕು. ಒಂದು ಕೆಮ್ಮಿಗೂ ಇನ್ನೊಂದಕ್ಕೂ ನಡುವೆ ನಾನು ಎಣಿಸುತ್ತಿದ್ದೆ. ಮೂವತ್ತು ದಾಟಿದರೆ ಬಾಗಿಲು ತಳ್ಳುತ್ತಿದ್ದೆ. ಒಂಬತ್ತು ದಿನ ನನ್ನ ಜೊತೆ ಮಾತಾಡಲಿಲ್ಲ. ಹಗಲು ಗುಂಪಿನವರು ಇಬ್ಬಿಬ್ಬರು ಸರದಿಯಲ್ಲಿ ಬಂದು ಜಗಲಿಯಲ್ಲಿ ಕೂರುತ್ತಿದ್ದರು, ಇಸ್ಪೀಟು ಆಡುತ್ತಾ, ಜಗಳವಾಡುತ್ತಾ. ಇವರು ಒಳಗೆ ಗೋಡೆ ನೋಡುತ್ತಾ. ದೇವರ ಮುಂದೆ ಕೂತರೆ ಪ್ರಾರ್ಥನೆಯೇ ಬರುತ್ತಿರಲಿಲ್ಲ. ಯಾವ ಭಾಷೆಯಲ್ಲೂ.

ಒಂದು ದಿನ ಜಯಮ್ಮ ಮೂರು ಬಸ್ಸು ಬದಲಾಯಿಸಿ ಬಂದಳು. ನನ್ನ ಜೊತೆ ಅವರೆಕಾಯಿ ಸುಲಿಯುತ್ತಾ ಕೂತಳು.

"ನಮ್ಮೋರು ಇಂಗೇ ಕುಂತಿರೋರು ಕಣಕ್ಕ. ನಾನು, ಒಸಿ ಹೊಲದ್ ಕಡೆ ಓಗ್ಬನ್ನಿ, ಎಲ್ಲಾ ಸರಿ ಓಯ್ತದೆ ಅಂತಿದ್ದೆ. ನೀವೂ ಅಂಗೇ ಮಾಡಿದ್ರಿ. ನಿಮ್ಮೋರು ಉಳುದ್ರು. ಅದ್ಕೆ ನನ್ ಮುಂದೆ ಅಳಬ್ಯಾಡಿ."

ನಾನು ಅಳು ನಿಲ್ಲಿಸಿದೆ. ಅಷ್ಟು ನ್ಯಾಯವಾಗಿ ನನ್ನನ್ನು ಯಾರೂ ಬೈದಿರಲಿಲ್ಲ.

ಈಗ ಐದನೆಯ ತಿಂಗಳು. ಮಾತ್ರೆ ನಡೆದಿದೆ. ಬೆಳಗ್ಗೆ ಕಾಫಿ ಕೊಟ್ಟು ನಾನು ಕೇಳುತ್ತೇನೆ: ಆ ಯೋಚನೆ ಇದೆಯಾ? ಮೊದಲ ದಿನ ನನ್ನ ನಾಲಿಗೆ ಏಳಲಿಲ್ಲ. ಈಗ ಸಕ್ಕರೆ ಸಾಕಾ ಎಂದಷ್ಟೇ ಸಲೀಸಾಗಿ ಕೇಳುತ್ತೇನೆ. ಹೆಚ್ಚಿನ ದಿನ "ಇಲ್ಲ" ಎನ್ನುತ್ತಾರೆ. ನಂಬುತ್ತೇನೆ, ಪೂರ್ತಿಯಲ್ಲ.

ಮೊನ್ನೆ ಶುಕ್ರವಾರ "ಇದೆ" ಎಂದರು. "ಯಾರಿಗೂ ಹೇಳ್ಬೇಡ."

ಅವರ ಎದುರಿಗೇ ಗಂಗಣ್ಣನಿಗೆ ಫೋನ್ ಮಾಡಿದೆ. "ಇವತ್ತು ಇವರಿಗೆ ಸರಿಯಿಲ್ಲ, ಬರ್ತೀಯಾಪ್ಪ?"

ಇವರು ಸಿಟ್ಟಾದರು. ಊರಿಗೆಲ್ಲ ಡಂಗುರ ಹೊಡಿ, ಮೈಕ್ ಕಟ್ಟಿಸು, ನಿನ್ನ ಕಾನ್ವೆಂಟಿನಲ್ಲಿ ಇದನ್ನೇ ಕಲಿಸಿದ್ದಾ ಎಂದು ಏರುದನಿಯಲ್ಲಿ ಬೈದರು. ಗಂಗಣ್ಣ ಬಂದು ಚಪ್ಪಲಿ ಬಿಡುವವರೆಗೂ ಬೈಯುತ್ತಲೇ ಇದ್ದರು. ನಾನು ಒಳಗೆ ಹೋಗಿ ಮೂರು ಜನಕ್ಕೆ ಅಕ್ಕಿ ತೊಳೆದು ಇಟ್ಟೆ. ಬೈಗುಳ ಒಲೆಯ ತನಕ ಕೇಳುತ್ತಿತ್ತು. ಬೈಯಲಿ, ಎಂದುಕೊಂಡೆ.