ಪಟ್ಟಕ್ಕೇರಿದ ಬಾತು

ಈಗಿನ ಆಟಿಕೆಗಳಿಗೆ ಮೂಲೆಗಳೇ ಇರುವುದಿಲ್ಲ, ಗಮನಿಸಿದ್ದೀರಾ? ಎಲ್ಲವೂ ದುಂಡು, ಎಲ್ಲವೂ ನಯ. ಎಳೆಮಗುವಿರುವ ಮನೆಯಲ್ಲಿ ಇನ್ನೂ ಮೂಲೆಮೊನೆಗಳನ್ನು ಉಳಿಸಿಕೊಂಡಿರುವ ವಸ್ತುವೆಂದರೆ ತಾತನೊಬ್ಬನೇ. ಗಂಗಾನಗರದ ನಮ್ಮ ಮನೆಯಲ್ಲಿ ಆ ವಸ್ತು ನಾನು.

ಮೂರು ವರ್ಷದ ಮೊಮ್ಮಗಳು ಪುಟ್ಟಿಗೆಂದು ಒಂದು ಮರದ ಬಾತು ತಂದೆ. ಬೆಂಗಳೂರಿನವನ ಕಿವಿಗೆ ‘ಬಾತು’ ಎಂದೊಡನೆ ಹಿಂದೆಯೇ ವಾಂಗಿಯ ಪರಿಮಳ ಬರುತ್ತದಾದರೂ, ಇದು ನಾಲ್ಕು ಗಾಲಿಗಳ ಮೇಲೆ ನಿಂತ, ಅರಗಿನ ಬಣ್ಣದ, ದಾರ ಹಿಡಿದೆಳೆದರೆ ಸೊಂಟ ಕುಲುಕಿಸುತ್ತ ಟಕಟಕನೆ ಹಿಂಬಾಲಿಸುವ ಸಾಕ್ಷಾತ್ ಬಾತುಕೋಳಿ. ಅದರ ಕೊಕ್ಕಿನ ನುಣುಪನ್ನು ಸವರುತ್ತ ನಾನು ಎಷ್ಟು ಹೊತ್ತು ನಿಂತಿದ್ದೆನೆಂದರೆ, “ಮಗುಗೆ ಎಷ್ಟು ವಯಸ್ಸು ಸಾರ್?” ಎಂದು ಕೇಳಿದ ಅಂಗಡಿಯಾಕೆ ನನ್ನನ್ನೇ ದಿಟ್ಟಿಸುತ್ತಿದ್ದಳು.

ಪುಟ್ಟಿಗೋ ಬಾತೆಂದರೆ ಪ್ರಾಣ. ಊಟಕ್ಕೂ ಅದು ಬೇಕು, ನಿದ್ದೆಗೂ ಬೇಕು. ಅವಳು ಎಳೆದುಕೊಂಡು ಓಡುವುದು, ನಾನು “ಮೆಲ್ಲಗೆ ಪುಟ್ಟಿ, ಬಣ್ಣ ಹೋಗತ್ತೆ! ಅಯ್ಯಯ್ಯೋ, ಹೊಸ್ತಿಲು!” ಎಂದು ಬೆನ್ನಟ್ಟುವುದು. ಆಟಿಕೆಯಲ್ಲಿ ಆಟವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಮೆಚ್ಚಬಲ್ಲ ರಸಿಕ ನಾನು.

ದಸರೆಗೆ ಹೆಂಡತಿ ಗೊಂಬೆ ಕೂರಿಸಲು ಮೆಟ್ಟಿಲು ಜೋಡಿಸುತ್ತಿದ್ದಾಗ ಉಪಾಯ ಹೊಳೆಯಿತು. ಪಟ್ಟದ ರಾಜರಾಣಿಯರ ಪಕ್ಕ ಒಂದಿಷ್ಟು ಜಾಗವಿತ್ತು, ಬಾತನ್ನು ಏರಿಸಿಬಿಟ್ಟೆ. ಅರಿಶಿನ ಕುಂಕುಮ ಬಿತ್ತು, ಆರತಿಯೂ ಆಯಿತು. ಪುಟ್ಟಿ ಕೈಚಾಚಿದಾಗ, “ಮುಟ್ಟಬಾರದಮ್ಮ, ಈಗ ಅದು ದೇವರು” ಎಂದೆ. ಜನ್ಮದಲ್ಲಿ ಎಂದೂ ಬಾರದ ಭಕ್ತಿ ಅಂದು ನನ್ನಲ್ಲಿ ಉಕ್ಕಿ ಹರಿಯಿತು.

“ಏನ್ರೀ, ಮಗು ಆಟದ ಸಾಮಾನು ಕಿತ್ಕೊಂಡು ದೇವರ ಹೆಸರು ಹೇಳ್ತೀರಲ್ಲ, ನಾಚಿಕೆ ಆಗಲ್ವಾ?” ಎಂದಳು ಹೆಂಡತಿ.

“ಹಬ್ಬ ಮುಗಿಯೋವರೆಗೆ ತಾನೇ, ಸುಮ್ನಿರೇ” ಎಂದೆ.

ಪುಟ್ಟಿ ಮೊದಲು ಅತ್ತಳು. ಆಮೇಲೆ ಮೆಟ್ಟಿಲ ಬುಡದಲ್ಲಿ ನಿಂತು “ಬಾತು ಯಾವಾಗ ಇಳಿಯತ್ತೆ ತಾತ?” ಎಂದು ಕೇಳುತ್ತಿದ್ದಳು. ಬರುಬರುತ್ತ ಕೇಳುವುದನ್ನೂ ಬಿಟ್ಟಳು. ಮಗುವಿಗೆ ಸಂಸ್ಕಾರ ಬಂತೆಂದು ನಾನು ಬೀಗಿದೆ. ಗೊಂಬೆ ನೋಡಲು ಆರ್.ಟಿ. ನಗರದಿಂದ ಬಂದ ನೆಂಟರು ರಾಜರಾಣಿಯರನ್ನು ಮರೆತು ಬಾತನ್ನೇ ಹೊಗಳಿದರು. ಆ ಹೊಗಳಿಕೆಗೆ ಬಾತುಹೋದವನು ಮಾತ್ರ ನಾನು.

ಹಬ್ಬ ಮುಗಿದ ಬೆಳಗ್ಗೆ ಗೊಂಬೆಗಳೆಲ್ಲ ಹಳೆಯ ಪಂಚೆಯ ಚೂರುಗಳಲ್ಲಿ ಸುತ್ತಿಸಿಕೊಂಡು ಪೆಟ್ಟಿಗೆ ಸೇರಿದವು. ಬಾತನ್ನು ಪುಟ್ಟಿಯ ಕೈಗಿತ್ತು, ಟಕಟಕ ಸದ್ದಿಗೆ ಕಾದೆ. ಅವಳು ದಾರ ಹಿಡಿಯಲಿಲ್ಲ. ಬಾತನ್ನು ಮಣೆಯ ಮೇಲೆ ಇಳಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಕೈಮುಗಿದಳು. ದಾರವನ್ನು ನಾನೇ ಅವಳತ್ತ ನೀಡಿದೆ.

“ಮುಟ್ಟಬಾರದು ತಾತ. ದೇವರು.”

ಬಾತಿನ ಮೈಮೇಲೆ ಒಂದು ಗೀರೂ ಇರಲಿಲ್ಲ. ನಾನು ಬಯಸಿದ್ದೆಲ್ಲ ಸಿಕ್ಕಿತ್ತು. “ಇನ್ನು ಶೋಕೇಸಲ್ಲಿ ಇಟ್ಕೊಂಡು ನೀವೇ ನೋಡ್ತಾ ಕೂತಿರಿ” ಎಂದು ಹೆಂಡತಿ ಒಳಗೆ ಹೋದಳು.

ಶಾಸ್ತ್ರದಿಂದಾದ ಗಾಯಕ್ಕೆ ಶಾಸ್ತ್ರವೇ ಮದ್ದೆಂದುಕೊಂಡು, ಮಂಡಿಗಳ ಪ್ರತಿಭಟನೆಯನ್ನು ಲೆಕ್ಕಿಸದೆ ನೆಲಕ್ಕೆ ಕೂತೆ. “ಗುಡೀಲಿ ಎರಡು ಥರ ದೇವರು ಇರತ್ತೆ ಪುಟ್ಟಿ. ಒಂದು ಕೂತಲ್ಲಿಂದ ಅಲ್ಲಾಡೋದೇ ಇಲ್ಲ. ಇನ್ನೊಂದು ಉತ್ಸವಮೂರ್ತಿ, ಅದು ಬೀದಿ ಬೀದಿ ಸುತ್ತಬೇಕು. ಗಾಲಿ ಇರೋ ದೇವರು ಯಾವುದು, ನೀನೇ ಹೇಳು?”

ಅವಳು ಗಾಲಿಗಳನ್ನು ನೋಡಿದಳು, ನನ್ನನ್ನು ಅನುಮಾನದಿಂದ ನೋಡಿದಳು. “ಎಳೀಬಹುದಾ?”

“ಎಳೀಲೇಬೇಕು.”

“ಜೋರಾಗಿ?”

ನುಣುಪು ಕೊಕ್ಕನ್ನು ಕೊನೆಯ ಬಾರಿ ಸವರಿ, “ಜೋರಾಗೇ ಎಳಿ” ಎಂದೆ.

ಉತ್ಸವ ಹೊರಟಿತು. ನಡುಮನೆ ದಾಟಿ, ಹೊಸ್ತಿಲು ಹಾರಿ, ಜಗಲಿಯಿಂದ ಇಳಿದು ಗೇಟಿನ ಬಳಿ ತಿರುಗುವಾಗ ಬಾತು ಕಬ್ಬಿಣದ ಸರಳಿಗೆ ಬಡಿದು ಕೊಕ್ಕಿನ ತುದಿ ಮುರಿದುಬಿತ್ತು. ಪುಟ್ಟಿ ಗಕ್ಕನೆ ನಿಂತಳು. ಬಾತಿನ ಕಡೆ ಕಣ್ಣೂ ಹಾಯಿಸದೆ, ಹೆದರಿ, ನನ್ನ ಮುಖವನ್ನೇ ನೋಡಿದಳು.

“ನಿಲ್ಲಿಸಬಾರದು ಪುಟ್ಟಿ,” ಎಂದು ಗೇಟು ತೆರೆದೆ, “ಇನ್ನೂ ಬೀದಿಯೆಲ್ಲ ಬಾಕಿ ಇದೆ.”